ಆಡು ಬರೆಯಲು ಸಾಫ್ಟ್‌ವೇರ್ ಹುಡುಕಿದ್ದು

ಗಾಬರಿ ಬೀಳುವ ಪ್ರಸಂಗ ಬೇರೆಯವರ ಬಾಳಿನಲ್ಲಿ ಅಪರೂಪಕ್ಕೊಮ್ಮೆ ಬರುತ್ತದಂತೆ. ನನ್ನ ಮನೆಗೆ ಅವು ಹಾಲಿನವನ ಹಾಗೆ ದಿನಾ ಬರುತ್ತವೆ. ಅದರಲ್ಲೂ ಚಿತ್ರ ಬರೆಯಲು ಒಂದು ಸಾಫ್ಟ್‌ವೇರ್ ಆರಿಸಿಕೊಳ್ಳೋಣವೆಂದು ಹೊರಟಾಗ ಬಿದ್ದ ಗಾಬರಿಗಳನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಾನು ಬಸವಕಲ್ಯಾಣದಲ್ಲಿ ಬೋರ್ಡು ಬರೆಯುವವನು. ಕಿರಾಣಿ ಅಂಗಡಿಯ ಶಟರ್, ಟ್ರ್ಯಾಕ್ಟರಿನ ಹಿಂಭಾಗ, ಶಾಲೆಯ ಗೋಡೆ, ಎಲ್ಲದರ ಮೇಲೂ ನನ್ನ ಕುಂಚ ಓಡಾಡಿದೆ. ಫ್ಲೆಕ್ಸ್ ಬಂದ ಮೇಲೆ ಅದು ಡಬ್ಬಿಯಲ್ಲೇ ಒಣಗತೊಡಗಿತು. ಅಂಥ ಹೊತ್ತಿನಲ್ಲಿ, ಮುಡಬಿಯ ಶಾಲೆಯ ಗೋಡೆಯ ಮೇಲೆ ನಾನು ಬರೆದಿದ್ದ ಒಂದು ಆಡಿನ ಫೋಟೋ ಹೇಗೋ ಒಂದು ಮಕ್ಕಳ ಪತ್ರಿಕೆಯ ಸಂಪಾದಕರ ಕೈಗೆ ಹೋಯಿತು. ಅವರು ಫೋನ್ ಮಾಡಿ, ಆ ಆಡಿನದೇ ಒಂದು ಚಿತ್ರಕಥೆ ಬೇಕು, ಚೆನ್ನಾಗಿ ಬಂದರೆ ಪ್ರತಿ ತಿಂಗಳೂ ಹಾಕುತ್ತೇವೆ ಅಂದರು. ಮುಡಬಿಯಿಂದ ಕಲ್ಯಾಣಕ್ಕೆ ದಿನಾ ಟಂಟಂ ಆಟೋ ಹತ್ತಿ ಬರುವ ಆಡಿನ ಕಥೆ ಅಲ್ಲೇ ಹೊಳೆಯಿತು.

ಆದರೆ ಅವರದೊಂದು ಕರಾರು. ಕಾಗದದ ಮೇಲೆ ಬರೆದದ್ದು ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬರೆದ ಫೈಲೇ ಬೇಕು. ಈ ಕೆಲಸ ಕೈಗೆ ಹತ್ತಿದರೆ ನಾನು ಇನ್ನೂ ಚಿತ್ರಗಾರ. ಇಲ್ಲದಿದ್ದರೆ ಯಾರದೋ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರಿನ ಮೂಲೆಗೆ ಹಗ್ಗ ಕಟ್ಟುವ ರಿಂಗು ಹೊಡೆಯುತ್ತ ಕೂಡಬೇಕು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ, ನನ್ನ ಮೇಲೆ ಸ್ವಲ್ಪ ಕನಿಕರವಿರಲಿ.

ಹುಮನಾಬಾದಿನ ಮೀಸೆ

ಕಂಪ್ಯೂಟರಿಗೆ ಜೋಡಿಸಿ ಚಿತ್ರ ಬರೆಯುವ ಪೆನ್ನು ಮತ್ತು ಅದರ ಹಲಗೆ ಕೊಳ್ಳಲು ಹುಮನಾಬಾದಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಅಂಗಡಿಯಲ್ಲಿ ಕಂಪ್ಯೂಟರ್ ಸಾಮಾನು, ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲವೂ ಒಂದೇ ಟೇಬಲ್ಲಿನ ಮೇಲೆ ನಡೆಯುತ್ತದೆ. ನಮ್ಮ ಕಡೆ ಯಾರು ಏನೇ ಕೊಳ್ಳಲಿ, ಅಂಗಡಿಯಲ್ಲಿ ನಿಂತವರೆಲ್ಲ ಸಲಹೆ ಕೊಡುವುದು ಪದ್ಧತಿ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ನಾನು ಕೇಳಿದ್ದೇ ತಡ, ಆಧಾರ್ ಜೆರಾಕ್ಸಿಗೆ ಬಂದವರು, ಮೊಬೈಲ್ ಚಾರ್ಜರಿಗೆ ಬಂದವರು ಎಲ್ಲ ಸುತ್ತ ನೆರೆದರು. ಒಬ್ಬರು ಅದರಲ್ಲಿ ಮದುವೆ ಕಾರ್ಡು ಬರುತ್ತದೋ ಇಲ್ಲವೋ ಮೊದಲು ನೋಡಿಕೊಳ್ಳಿ ಎಂದು ಎಚ್ಚರಿಸಿದರು.

ಅಂಗಡಿಯವನು ಪೆನ್ನು ನನ್ನ ಕೈಗೆ ಕೊಟ್ಟು, ಕೈಯಾಡಿಸಿ ನೋಡಿ ಎಂದು ಜೆರಾಕ್ಸ್ ಕಡೆ ತಿರುಗಿದ. ಪರದೆಯ ಮೇಲೆ ಒಬ್ಬ ತರುಣನ ಫೋಟೋ ಇತ್ತು, ನುಣ್ಣಗೆ ಬೋಳಿಸಿದ ಮುಖ. ಪರೀಕ್ಷೆಗೆಂದೇ ಇಟ್ಟಿದ್ದಾರೆ ಅಂದುಕೊಂಡು ಒಂದು ಮೀಸೆ ಬರೆದೆ. ಸುತ್ತ ನಿಂತವರು ತುದಿ ಇನ್ನಷ್ಟು ತಿರುವಲು ಹೇಳಿದರು, ತಿರುವಿದೆ. ಅಷ್ಟರಲ್ಲಿ ಅಂಗಡಿಯವನು ಬಂದವನೇ ನೋಡದೆ ಪ್ರಿಂಟ್ ಒತ್ತಿಬಿಟ್ಟ. ಹಾಳೆಯ ತುಂಬ ಮೀಸೆ ಹೊರಬಂತು.

ಫೋಟೋದ ತರುಣ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಹೆಣ್ಣಿನ ಮನೆಯವರಿಗೆ ಕೊಡಲೆಂದು ತೆಗೆಸಿದ ಫೋಟೋ ಅದು. ಅವನು ಹಾಳೆಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

"ಇವೇ ಇರ್ಲಿ ಬಿಡ್ರಿ," ಅಂದ. "ಅವ್ರು ಬರೂದು ಮುಂದಿನ ತಿಂಗಳ. ಅಲ್ಲೀತನಕ ಬೆಳಸ್ತೀನಿ."

ಮೂರು ಕಡೆ ಜಿಗಿಯುವ ಗೆರೆ

ಅಂಗಡಿಯವನು ನಾನು ಒಯ್ದಿದ್ದ ಹಳೆಯ ಲ್ಯಾಪ್‌ಟಾಪಿಗೆ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ. ಮನೆಗೆ ಬಂದು ಮರುದಿನ ಆಡಿನ ಬೆನ್ನು ಬರೆಯಲು ಕೂತೆ. ಗೆರೆ ಕುತ್ತಿಗೆಯಿಂದ ಹೊರಟು ಚೆನ್ನಾಗಿಯೇ ಬಂದು, ನಡುವೆ ಒಮ್ಮೆ ಜಿಗಿಯಿತು. ಸ್ವಲ್ಪ ಮುಂದೆ ಮತ್ತೆ ಜಿಗಿಯಿತು, ಮತ್ತೂ ಮುಂದೆ ಇನ್ನೊಮ್ಮೆ. ಆಡು ಹೋಗಿ ಒಂಟೆಯಾಯಿತು.

ಪುಕ್ಕಟೆಯದರ ಹಣೆಬರಹವೇ ಇಷ್ಟು ಎಂದು ಬೈದು ಅದನ್ನು ತೆಗೆದುಹಾಕಿ ಇನ್ನೊಂದನ್ನು ಹಾಕಿದೆ. ಅದರಲ್ಲೂ ಮೂರು ಕಡೆ ಜಿಗಿತ. ಕಾಮಿಕ್ಸಿಗೆಂದೇ ಮಾಡಿದ್ದು ಎಂದು ಎಲ್ಲರೂ ಹೊಗಳುವ ಮತ್ತೊಂದನ್ನು ಹಾಕಿದೆ. ಅದೂ ಅಲ್ಲೇ ಜಿಗಿಯಿತು. ಜಗತ್ತಿನ ಸಾಫ್ಟ್‌ವೇರ್‌ಗಳೆಲ್ಲ ಸೇರಿ ನನ್ನ ಆಡಿನ ಬೆನ್ನು ಮುರಿಯಲು ನಿಂತಂತೆ ಕಂಡಿತು. ನನ್ನ ಕೈಯೇ ಹೋಯಿತೇನೋ ಎಂಬ ಹೆದರಿಕೆ ಬೇರೆ.

ಅವ್ವ ಸೊಪ್ಪು ಸೋಸುತ್ತ ಕೂತಿದ್ದಳು. ನನ್ನ ಒದ್ದಾಟ ನೋಡಲಾರದೆ ಎದ್ದು ಬಂದು ಹಲಗೆಯ ಮೇಲೆ ಬಗ್ಗಿದಳು. ಹೊಸ ಸಾಮಾನೆಂದು ಮೊದಲ ದಿನವೇ ಅದನ್ನು ಉದ್ದಕ್ಕೆ ನಿಲ್ಲಿಸಿ ಪೂಜೆ ಮಾಡಿ, ಅಡ್ಡಡ್ಡ ಮೂರು ಬೆರಳು ವಿಭೂತಿ ಗಟ್ಟಿಯಾಗಿ ಬಳಿದಿದ್ದಳು. ಅದು ಅಳಿಸಿ ಹೋಗಬಾರದೆಂದು ಮೇಲೊಂದು ಪ್ಲಾಸ್ಟಿಕ್ ಕವರನ್ನೂ ಬಿಗಿಯಾಗಿ ಹಾಕಿದ್ದಳು. ನಾನು ಅದನ್ನು ಕಂಪನಿಯದೇ ಕವರು, ಕಂಪನಿಯದೇ ಪಟ್ಟಿ ಎಂದು ತಿಳಿದಿದ್ದೆ. ಪೆನ್ನು ಎಡವುತ್ತಿದ್ದದ್ದು ಆ ಮೂರು ಪಟ್ಟಿಗಳ ಮೇಲೆ.

ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ ಅವ್ವನಿಗೆ ನನ್ನ ಮೇಲೇ ಸಿಟ್ಟು ಬಂತು.

"ಅಲ್ಲೋ ತಮ್ಮಾ, ಇಬತ್ತಿ ಹಚ್ಚಿದ ಜಾಗಾದಾಗ ಯಾಕ ಬರಿಯಾಕತ್ತೀ? ಬಾಜೂಕ ಅಷ್ಟು ಜಾಗಾ ಖಾಲಿ ಅದ ಅಲಾ."

ಒಂದು ಪ್ರಶ್ನೆ ಕೇಳಿದ್ದಕ್ಕೆ

ಹಲಗೆ ಒರೆಸಿದ ಮೇಲೂ ಅನುಮಾನ ಉಳಿಯಿತು, ಮೂರರಲ್ಲಿ ಇಟ್ಟುಕೊಳ್ಳುವುದು ಯಾವುದನ್ನು? ಚಿತ್ರಗಾರರ ಒಂದು ವಾಟ್ಸಾಪ್ ಗುಂಪಿನಲ್ಲಿ ವಿನಯದಿಂದ ಕೇಳಿದೆ. ಕೇಳಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಗುಂಪು ಎರಡು ಬಣವಾಗಿ ಯುದ್ಧ ನಡೆದಿತ್ತು. ಪುಕ್ಕಟೆಯವರು ಕೊಂಡವರನ್ನು ದಡ್ಡರೆಂದಿದ್ದರು, ಕೊಂಡವರು ಪುಕ್ಕಟೆಯವರನ್ನು ಭಿಕಾರಿಗಳೆಂದಿದ್ದರು. ಒಬ್ಬರು ಇನ್ನೊಬ್ಬರ ಮಗಳ ಮದುವೆಗೆ ಬರುವುದಿಲ್ಲವೆಂದು ಹೇಳಿಯಾಗಿತ್ತು. ನಾನು ಹೌಹಾರಿ, ಬಿಡಿ, ಕಾಗದದ ಮೇಲೇ ಬರೆಯುತ್ತೇನೆ ಎಂದು ಹಾಕಿದೆ.

ಎರಡೂ ಬಣದವರು ಕೂಡಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ಕೊಂಡವಾಡಿ

ಕಾಮಿಕ್ಸಿನ ಸಾಫ್ಟ್‌ವೇರನ್ನೇ ಗಟ್ಟಿ ಮಾಡಿಕೊಂಡೆ. ಪರೀಕ್ಷೆಗೆಂದು ಕೆಲ ದಿನ ಪುಕ್ಕಟೆ, ಆಮೇಲೆ ತಿಂಗಳ ಬಾಡಿಗೆ ಎಂದು ಅದರಲ್ಲಿ ಬರೆದಿತ್ತಂತೆ. ಓದುವವರಾರು? ಆಡು ಟಂಟಂ ಹತ್ತಿ, ಸೀಟು ಹಿಡಿದು, ಪೇಟ ಸುತ್ತಿದ ಹಿರಿಯರೊಬ್ಬರನ್ನು ನಿಲ್ಲಿಸಿ ತಾನು ಕೂತದ್ದರ ತನಕ ಸೊಗಸಾಗಿ ಬಂದಿತ್ತು. ಒಂದು ಮುಂಜಾನೆ ತೆರೆಯಲು ಹೋದರೆ ತೆರೆಯಲೇ ಇಲ್ಲ. ಬಾಡಿಗೆ ಕಟ್ಟಿ ಎಂದು ಒಂದು ಸಾಲು, ಅಷ್ಟೇ.

ಆ ಹೊತ್ತಿಗೆ ನಿರ್ಣಾದಿಂದ ನನ್ನ ಮಾವ ಬಂದಿದ್ದರು. ಆಡು ಕುರಿ ಕಾಯ್ದೇ ಕೂದಲು ಬೆಳ್ಳಗಾದ ಮನುಷ್ಯ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ನನ್ನ ಆಡು ಒಳಗೆ ಸಿಕ್ಕಿಬಿದ್ದಿದೆ, ದುಡ್ಡು ಕಟ್ಟಿದರೇ ಬಿಡುತ್ತಾರಂತೆ ಎಂದೆ. ಮಾವ ಕೆಂಡವಾದರು. ಬೇರೆಯವರ ಹೊಲದಲ್ಲಿ ಮೇಯ್ದ ದನಕರುಗಳನ್ನು ಹಿಡಿದು ಕೂಡಿಹಾಕುವ ಕೊಂಡವಾಡಿಯ ಅನುಭವ ಅವರಿಗೆ ಬೇಕಾದಷ್ಟಿತ್ತು. ಆಡು ಯಾರ ಬೆಳೆಯನ್ನಾದರೂ ತಿಂದಿದೆಯೇ ಎಂದು ಕೇಳಿದರು. ಇಲ್ಲ, ಟಂಟಂನಲ್ಲಿ ಕೂತಿತ್ತು ಅಷ್ಟೇ ಎಂದೆ. ಮತ್ಯಾಕೆ ಹಿಡಿದರು ಎಂದರು.

ಮಾವ ಎದ್ದು ಚಪ್ಪಲಿ ಮೆಟ್ಟಿ, ಕೋಲು ತೆಗೆದುಕೊಂಡರು.

"ಯಾವ ಊರಾಗದ ಅದು ಕೊಂಡವಾಡಿ? ನಡ್ರಿ ಅಳಿಯಂದ್ರ, ನಾ ಬರ್ತೀನಿ. ಮನ್ಯಾಗ ಹುಟ್ಟಿದ ಆಡಿಗಿ ನಾವ್ಯಾಕ ರೊಕ್ಕಾ ಕೊಡೂದು?"

ಕಂಪನಿ ಇರುವುದು ಸಮುದ್ರದಾಚೆ ಎಂದು ತಿಳಿಸಿ ಹೇಳಿದ ಮೇಲೆಯೂ, ಬಸ್ಸು ಎಲ್ಲಿತನಕ ಹೋಗುತ್ತದೆ ಎಂದು ಕೇಳುತ್ತಲೇ ಇದ್ದರು.

ಸುಣ್ಣ

ಕೊನೆಗೆ ಬೈದು ಬಿಟ್ಟಿದ್ದ ಆ ಪುಕ್ಕಟೆ ಸಾಫ್ಟ್‌ವೇರಿಗೇ ಮರಳಿ ಬಂದು, ಕಥೆಯನ್ನು ಮೊದಲಿನಿಂದ ಬರೆದೆ. ಅದರಲ್ಲೂ ಪದರಗಳಿದ್ದವು, ಒಂದರ ಮೇಲೊಂದು ಇಟ್ಟ ಹಾಳೆಗಳ ಹಾಗೆ. ಸಂಪಾದಕರು ದಿನಕ್ಕೊಂದು ತಿದ್ದುಪಡಿ ಹೇಳತೊಡಗಿದರು. ಆಡು ಸಣಕಲಾಯಿತು, ಮಕ್ಕಳಿಗೆ ದುಂಡಗಿದ್ದರೇ ಇಷ್ಟ ಅಂದರು. ದುಂಡಗೆ ಮಾಡಿದೆ. ಇನ್ನೂ ದುಂಡಗೆ ಅಂದರು. ಬಾಲ ಉದ್ದವಾಯಿತು, ಕೊಂಬು ಚುಚ್ಚುವಂತಿದೆ, ನಗುವ ಮುಖ ಮಾಡಿ ಅಂದರು. ಆಡು ನಗುವುದನ್ನು ನಮ್ಮ ಮಾವ ಕೂಡ ಕಂಡಿಲ್ಲ.

ಗೋಡೆಯ ಮೇಲೆ ತಪ್ಪಾದರೆ ನಾವು ಅಳಿಸುವುದಿಲ್ಲ. ಸುಣ್ಣ ಬಳಿದು ಮೇಲೆ ಹೊಸದು ಬರೆಯುತ್ತೇವೆ, ಕೆಳಗಿನದು ಸತ್ತ ಹಾಗೆ. ನಾನು ಇಲ್ಲಿಯೂ ಅದನ್ನೇ ಮಾಡಿದೆ. ಪ್ರತಿ ತಿದ್ದುಪಡಿಗೂ ಮೇಲೊಂದು ಹೊಸ ಪದರ ತೆರೆದು, ಪೂರ್ತಿ ಬಿಳಿ ಬಳಿದು, ಅದರ ಮೇಲೆ ಬರೆದೆ. ಒಂದು ದಿನ ಸಿಟ್ಟು ನೆತ್ತಿಗೇರಿದಾಗ, ಫೋನಿನಲ್ಲಿದ್ದ ಸಂಪಾದಕರ ಫೋಟೋ ನೋಡಿ ಅವರನ್ನೇ ಹೋತವಾಗಿ ಬರೆದುಬಿಟ್ಟೆ. ಅದೇ ದಪ್ಪ ಕನ್ನಡಕ, ಅದೇ ಚೂಪು ಗಡ್ಡ, ನೆಲಕ್ಕೆ ತಾಗುವ ಹೊಟ್ಟೆ. ಅದು ಟಂಟಂನವನಿಗೆ ನಿನ್ನ ಚಕ್ರ ಸ್ವಲ್ಪ ಚೌಕಾಗಲಿ ಎಂದು ತಿದ್ದುಪಡಿ ಹೇಳುತ್ತಿತ್ತು. ಮನೆಯವರಿಗೆ ತೋರಿಸಿದೆ, ಎಲ್ಲ ನಕ್ಕರು, ಹೊಟ್ಟೆ ತಣ್ಣಗಾಯಿತು. ಸುಣ್ಣ ಬಳಿದು, ಮೇಲೆ ನಗುವ ಆಡು ಬರೆದು ಫೈಲು ಕಳಿಸಿದೆ.

ಮಧ್ಯಾಹ್ನ ಸಂಪಾದಕರ ಫೋನ್ ಬಂತು. ಬರೆದದ್ದು ಚೆನ್ನಾಗಿದೆ ಅನ್ನಬಹುದೆಂದು ಕಾದೆ. ಅವರು, ಇಷ್ಟೊಂದು ಬಿಳಿ ಪದರ ಯಾಕೆ ಎಂದು ಒಂದನ್ನು ಸರಿಸಿ ನೋಡಿದೆ ಅಂದರು.

ಸರಿಸುವುದೆಂದರೇನು ಎಂದು ನನಗೆ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು, ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿ. ಒತ್ತಿದೆ. ಸುಣ್ಣ ಮಾಯವಾಗಿ, ಕನ್ನಡಕದ ಹೋತ ನನ್ನನ್ನೇ ನೋಡುತ್ತ ನಿಂತಿತು. ಗೋಡೆಯಲ್ಲಿ ಸತ್ತದ್ದು ಇಲ್ಲಿ ಸಾಯುವುದಿಲ್ಲ ಎಂದು ಆಗ ತಿಳಿಯಿತು. ಫೋನಿನ ಆಚೆ ಆಫೀಸಿನವರೆಲ್ಲ ನಗುವುದು ಕೇಳಿಸಿತು. ನನ್ನ ಆಡು, ನನ್ನ ಪ್ರತಿ ತಿಂಗಳು, ಎಲ್ಲ ಮುಗಿಯಿತು ಎಂದುಕೊಂಡೆ.

ಅವರು ಗಂಟಲು ಸರಿಮಾಡಿಕೊಂಡು, ಟಂಟಂನಲ್ಲಿ ಆಡಿನ ಪಕ್ಕ ಈ ಹೋತವನ್ನೂ ಕೂರಿಸಿ, ಮಕ್ಕಳಿಗೆ ಜೋಡಿ ಹಿಡಿಸುತ್ತದೆ, ಮುಂದಿನ ತಿಂಗಳಿಂದ ಶುರು ಮಾಡೋಣ ಅಂದರು. ಆಫೀಸಿನ ನಗು ನಿಂತ ಮೇಲೆ ಅವರು ದನಿ ತಗ್ಗಿಸಿದರು.

"ಒಂದೇ ಒಂದು ತಿದ್ದುಪಡಿ. ಆಡು ದುಂಡಗೇ ಇರಲಿ. ಹೋತವನ್ನು ಮಾತ್ರ ಸ್ವಲ್ಪ ತೆಳ್ಳಗೆ ಮಾಡಿಬಿಡಿ."