ಆಚೆ ದಂಡೆ ಕಾಣದ ನೀರಿಗೆ ಬೇಕಾದ ಸೂಜಿಗಳು

ಲಿಂಗಸುಗೂರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ ಇರುವುದರಿಂದ, ಸಮುದ್ರದ ಕಾಯಿಲೆಗಳ ವಿಷಯದಲ್ಲಿ ಪಕ್ಷಪಾತವಿಲ್ಲದೆ ತೀರ್ಮಾನ ಕೊಡಲು ಇದಕ್ಕಿಂತ ಯೋಗ್ಯವಾದ ಊರಿಲ್ಲವೆಂದು ಮನಗಂಡು, ಜಲಯಾನ ಲಸಿಕಾ ನಿರ್ಣಯ ಕೋಶವನ್ನು ಅಲ್ಲಿಯೇ ಸ್ಥಾಪಿಸಲಾಗಿತ್ತು. ಸ್ಥಾಪನೆಯಾದ ದಿನದಿಂದ ಕೋಶದ ಕೈಯಿಂದ ಒಂದು ತಪ್ಪೂ ನಡೆದಿರಲಿಲ್ಲ. ಅಲ್ಲಿಗೆ ಯಾರೂ ಬಂದಿರಲಿಲ್ಲ.

ಮೊದಲು ಬಂದವನು ಮಸ್ಕಿಯ ಗದ್ದೆಪ್ಪ.

ಗದ್ದೆಪ್ಪನದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಔಷಧ. ಹತ್ತಿಗೆ ಹುಳ ಬಿತ್ತೆಂದು ಬಂದವರಿಗೆ ಅವನು ಒಂದೇ ಬಾಟಲಿ ಕೊಟ್ಟು ಕಳಿಸಿದ್ದನ್ನು ಕಂಡವರಿಲ್ಲ. ಒಂದರ ಜೊತೆ ಇನ್ನೊಂದು, ಅದರ ಮೇಲೆ ಮತ್ತೊಂದು, ಎಲ್ಲ ಸೇರಿ ಕೆಲಸ ಮಾಡಲೆಂದು ಒಂದು ಅಂಟು. ಪಾಮನಕಲ್ಲೂರಿನ ಬೀರಲಿಂಗ ಮಾತ್ರ ಪ್ರತಿ ಸಲ ತಕರಾರು ತೆಗೆಯುತ್ತಿದ್ದ.

“ಒಂದ ಹುಳ ಬಿದ್ದೈತಿ ಸಾವ್ಕಾರ್ರೆ, ಒಂದ ಎಣ್ಣಿ ಕೊಡ್ರಿ.”

“ಇವತ್ತ ಒಂದು ಬಿದ್ದೈತಿ. ನಾಳಿ ಮತ್ತೊಂದು ಬಿದ್ರ ಯಾರು ಜವಾಬ್ದಾರಿ? ಯಾವುದು ಅಂತ ಕೇಳಬ್ಯಾಡ. ಎಲ್ಲಾ ಹೊಡಿ.”

ಬೀರಲಿಂಗ ಗೊಣಗುತ್ತ ಎಲ್ಲವನ್ನೂ ಒಯ್ಯುತ್ತಿದ್ದ. ಹೀಗೆ ಸುತ್ತಲಿನ ಊರುಗಳೆಲ್ಲ ಎಲ್ಲವನ್ನೂ ಒಯ್ದದ್ದರ ಫಲವಾಗಿ, ಎಣ್ಣೆ ಕಂಪನಿಯವರು ಮೆಚ್ಚಿ ಗದ್ದೆಪ್ಪನಿಗೂ ಅವನ ಹೆಂಡತಿ ಆದೆಮ್ಮನಿಗೂ ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗಿನಲ್ಲಿ ಪ್ರವಾಸವನ್ನು ಬಹುಮಾನ ಕೊಟ್ಟರು.

ಆದೆಮ್ಮನಿಗೆ ಸಿಂಗಾಪುರ ಬೇಕಿರಲಿಲ್ಲ. ಹಡಗೂ ಬೇಕಿರಲಿಲ್ಲ. ಅವಳು ಹುಟ್ಟಿದಂದಿನಿಂದ ಕಂಡ ನೀರಿಗೆಲ್ಲ ಆಚೆ ದಂಡೆಯಿತ್ತು. ಬಾವಿಗೆ ಇತ್ತು, ಹಳ್ಳಕ್ಕೆ ಇತ್ತು, ಸಿಂಧನೂರಿನ ಕಾಲುವೆಗಂತೂ ಆಚೆ ದಂಡೆಯ ಮೇಲೆ ಯಾರದೋ ಎಮ್ಮೆಯೂ ಇರುತ್ತಿತ್ತು. “ಸಮುದ್ರಕ್ಕ ಆಚಿ ದಂಡಿ ಕಾಣಂಗಿಲ್ಲಂತ. ಅದೊಂದು ನೋಡಿಬಿಟ್ರ ಸಾಕು ನೋಡ್ರಿ ನನಗ” ಎಂದು ಅವಳು ಗಂಡನಿಗೆ ರೊಟ್ಟಿ ಬಡಿಸುವಾಗೆಲ್ಲ ಹೇಳುತ್ತಿದ್ದಳು. ಗದ್ದೆಪ್ಪ ಹೆಂಡತಿಗೆ ಅಷ್ಟಾಗಿ ಏನನ್ನೂ ಕೊಡಿಸಿದವನಲ್ಲ. ಇದೊಂದನ್ನು ತೋರಿಸಲೇಬೇಕೆಂದು ಅವನಿಗೂ ಮನಸ್ಸಿನೊಳಗೆ ಆಸೆಯಿತ್ತು.

ಹೊರಡುವ ಮುಂಚೆ ಯಾವ ಸೂಜಿ ಹಾಕಿಸಿಕೊಳ್ಳಬೇಕೆಂದು ಕೇಳಲು ಇಬ್ಬರೂ ಸಿಂಧನೂರಿನ ಒಬ್ಬ ಡಾಕ್ಟರ ಬಳಿ ಹೋದರು.

“ಟೈಫಾಯ್ಡಿಂದು, ಕಾಮಣಿದು, ಫ್ಲೂದು. ಧನುರ್ವಾಯುದು ಹಾಕಿಸ್ಕೊಂಡು ಭಾಳ ವರ್ಷ ಆಗಿದ್ರ ಅದೂ ಒಂದು. ಸಾಕು, ಆರಾಮ ಹೋಗಿ ಬರ್ರಿ” ಎಂದರು ಡಾಕ್ಟರು.

ಗದ್ದೆಪ್ಪನ ಮುಖ ಸಣ್ಣದಾಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, “ಇಷ್ಟ ಬರಿಯೋ ಡಾಕ್ಟರಿಗೆ ಏನ್ ಗೊತ್ತಿರ್ತೈತಿ ಬೇ? ಅಂಗಡ್ಯಾಗ ಮಾಲೇ ಇಲ್ಲದವ ಹಿಂಗ ಒಂದೆರಡು ಬಾಟ್ಲಿ ಕೊಟ್ಟು ಕಳಸ್ತಾನ” ಅಂದ. ಆದೆಮ್ಮ “ಸಾಕಂದ್ರಲ್ರೀ” ಅಂದಳು. ಸಾಕು ಎನ್ನುವ ಮಾತಿನ ಮೇಲೆ ಗದ್ದೆಪ್ಪನಿಗೆ ವ್ಯಾಪಾರಕ್ಕೆ ಕೂತಂದಿನಿಂದಲೂ ನಂಬಿಕೆ ಇರಲಿಲ್ಲ. ಆದ್ದರಿಂದ ಅವರು ಲಿಂಗಸುಗೂರಿನ ಬಸ್ಸು ಹತ್ತಿದರು.

ಕೋಶದ ಮುಖ್ಯಾಧಿಕಾರಿ ಆನಂದಕುಮಾರ ಅವರು ಬಂದವರನ್ನು ನೋಡಿ ಮೊದಲು ಗಾಬರಿಯಾದರು, ಆಮೇಲೆ ಕುರ್ಚಿಯ ಮೇಲಿನ ಧೂಳು ಒರೆಸಿದರು.

“ಕಾಯಿಲೆ ಅಂದ್ರ ಮೂರು ನಮೂನಿ ಸಾವ್ಕಾರ್ರೆ” ಎಂದು ಅವರು ಸಾವಕಾಶ ಶುರುಮಾಡಿದರು. “ನೆಲದ್ದು, ನೀರಿಂದು, ನೆಲ ನೀರು ಕೂಡೋ ಕಡಿಂದು. ಹಡಗು ನಿಂತಾಗ ಬರೋದು ಬ್ಯಾರೆ, ಹೊಂಟಾಗ ಬರೋದು ಬ್ಯಾರೆ. ಡಾಕ್ಟರು ಇದನ್ನೆಲ್ಲಾ ಹೇಳಿದ್ರೇನು?”

“ಇಲ್ರಿ.”

“ನಾಳಿ ಮತ್ತೊಂದು ಬಂದ್ರ ಯಾರು ಜವಾಬ್ದಾರಿ?”

ಗದ್ದೆಪ್ಪನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ತಾನು ಹೇಳಿದ ಮಾತನ್ನು ಸರಕಾರದ ಬಾಯಿಂದ ಕೇಳುವ ಭಾಗ್ಯ ಎಷ್ಟು ಜನ ವ್ಯಾಪಾರಿಗಳಿಗೆ ಸಿಕ್ಕೀತು! ಹೋಗುವಾಗ ಸಾಹೇಬರ ಮನೆಗೆ ಸೋನಾ ಮಸೂರಿಯ ಒಂದು ಚೀಲ ಇಳಿಸಿ ಹೋದ. ಅಂದಿನಿಂದ, ಅವನ ಅರ್ಜಿಯ ಮೇಲೆ ಅಕ್ಕಿಯ ಚೀಲ ಬಾರದ ದಿನ ನಡೆದ ಸಭೆಯನ್ನು ಸಭೆಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂತು.

ನಿರ್ಣಯ ಹೊರಬೀಳುವವರೆಗೆ ಮುಂಜಾಗ್ರತೆಯಾಗಿ ಸಿಕ್ಕ ಲಸಿಕೆಗಳನ್ನೆಲ್ಲ ದಂಪತಿಗೆ ಹಾಕಬೇಕೆಂದು ಆದೇಶವಾಯಿತು. ಹಾಕುವವಳು ಕೋಶದ ನರ್ಸ್ ಶಂಶಾದ್‌ಬೀ. ಡಾಕ್ಟರು ಹೇಳಿದವೆಲ್ಲ ಮುಗಿದ ಮೇಲೆ ಅವಳು ನಾಯಿ ಕಡಿತದ ಸೂಜಿ ಎತ್ತಿಕೊಂಡಳು.

“ಹಡಗಿನಾಗ ನಾಯಿ ಎಲ್ಲಿರ್ತಾವ್ರೀ?” ಎಂದು ಆದೆಮ್ಮ ಕೇಳಿದಳು.

“ಇರಂಗಿಲ್ಲ ಅಂತ ನೀವು ಬರದು ಕೊಡ್ತೀರೇನಮ್ಮಾರ?” ಎಂದರು ಆನಂದಕುಮಾರ.

ಆದೆಮ್ಮ ಬರೆದುಕೊಡಲಿಲ್ಲ. ತೋಳು ಮುಂದೆ ಮಾಡಿದಳು. ಇನ್ನೊಂದು ದಿನ ಕೂಸುಗಳಿಗೆ ಹಾಕುವ ಪೋಲಿಯೋ ಹನಿಯನ್ನು ಗಂಡಹೆಂಡತಿ ಬಾಯಿ ತೆರೆದು ಹಾಕಿಸಿಕೊಂಡರು, ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡು ಅಂಗಡಿಗೆ ಬಂದರು. ದನಗಳ ಕಾಲುಬೇನೆ ಬಾಯಿಬೇನೆಯ ಲಸಿಕೆ ಬೇರೆ ಇಲಾಖೆಯ ವ್ಯಾಪ್ತಿಗೆ ಬರುತ್ತಿದ್ದುದರಿಂದ ಅದೊಂದು ತಪ್ಪಿತು. ತಪ್ಪಿದ್ದಕ್ಕೆ ಗದ್ದೆಪ್ಪ ಸ್ವಲ್ಪ ಬೇಸರ ಪಟ್ಟುಕೊಂಡ. ಇಬ್ಬರ ತೋಳೂ ಬಾತು, ಆದೆಮ್ಮನಿಗೆ ರೊಟ್ಟಿ ಬಡಿಯಲಾಗದೆ ಮನೆಯಲ್ಲಿ ಅನ್ನವೇ ಆಯಿತು. ಸೂಜಿಯ ಉರಿಗೆ ಎಚ್ಚರವಾದಾಗಲೆಲ್ಲ ಅವಳು “ಇರ್ಲಿ, ಆಚಿ ದಂಡಿ ಕಾಣಂಗಿಲ್ಲಂತಲ್ಲ” ಎಂದು ಮಗ್ಗಲು ಬದಲಿಸುತ್ತಿದ್ದಳು.

ಹೊರಡುವ ದಿನ ಹತ್ತಿರ ಬಂದಾಗ ಕೋಶಕ್ಕೆ ಒಂದು ತಾಂತ್ರಿಕ ತೊಡಕು ಗೋಚರಿಸಿತು. ಸಮುದ್ರದಲ್ಲಿ ನಿಜವಾಗಿ ಯಾವ ಕಾಯಿಲೆ ಇದೆಯೆಂದು ಕೋಶದಲ್ಲಿ ಯಾರೂ ನೋಡಿರಲಿಲ್ಲ. ನೋಡದೆ ನಿರ್ಣಯ ಕೊಡುವುದು ನಿಯಮಬಾಹಿರ. ನಿರ್ಣಯವಿಲ್ಲದೆ ದಂಪತಿ ಹಡಗು ಹತ್ತುವುದು ಅದಕ್ಕಿಂತ ನಿಯಮಬಾಹಿರ. ಆದ್ದರಿಂದ ಕಚೇರಿಯ ಗೋಡೆಗೆ ಈ ಪ್ರಕಟಣೆ ಅಂಟಿಸಲಾಯಿತು:

“ಸ್ಥಳ ಪರಿಶೀಲನೆಯ ಸಲುವಾಗಿ ಮುಖ್ಯಾಧಿಕಾರಿಗಳು ಅರ್ಜಿದಾರರ ಟಿಕೇಟಿನಲ್ಲಿಯೇ ಸಮುದ್ರಕ್ಕೆ ತೆರಳತಕ್ಕದ್ದು. ಪಂಚನಾಮೆಗೆ ಸಾಕ್ಷಿ ಬೇಕಾಗುವುದರಿಂದ ಅವರ ಧರ್ಮಪತ್ನಿ ಭಾಗ್ಯ ಅವರು ಎರಡನೆಯ ಟಿಕೇಟಿನಲ್ಲಿ ತೆರಳತಕ್ಕದ್ದು. ಲಸಿಕೆ ಹಾಕಿಸಿಕೊಂಡು ಹೋದಲ್ಲಿ ಕಾಯಿಲೆ ಬಾರದೆ, ಯಾವ ಕಾಯಿಲೆ ಇದೆಯೆಂದು ತಿಳಿಯದೆ ಹೋಗುವ ಸಂಭವವಿರುವುದರಿಂದ, ಸದರಿ ಇಬ್ಬರೂ ಯಾವುದೇ ಲಸಿಕೆ ಪಡೆಯತಕ್ಕದ್ದಲ್ಲ.”

“ನಮ್ಮ ಸಲುವಾಗಿ ಸಾಹೇಬ್ರು ಜೀವದ ಹಂಗು ತೊರದು ಹೊಂಟಾರ” ಎಂದು ಗದ್ದೆಪ್ಪ ಹೆಂಡತಿಗೆ ವಿವರಿಸಿದ. ಕಂಪನಿಯವರು ಹೆಸರು ಬದಲಿಸಿಕೊಟ್ಟರು. ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಗದ್ದೆಪ್ಪನೇ ಹಾರ ಹಾಕಿದ. ಬಾತ ತೋಳು ಮೇಲೇಳದ್ದರಿಂದ ಸಾಹೇಬರು ತಲೆ ಬಗ್ಗಿಸಿ ಸಹಕರಿಸಿದರು. ಆದೆಮ್ಮ ತಾನು ಪ್ರವಾಸಕ್ಕೆಂದು ಮಾಡಿಟ್ಟಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಭಾಗ್ಯಳ ಕೈಗೆ ಕೊಟ್ಟಳು.

ಪರಿಶೀಲನೆ ಮುಗಿಸಿ ಇಬ್ಬರೂ ತುಸು ದಪ್ಪಗಾಗಿ ಬಂದರು. ಸಮುದ್ರದಲ್ಲಿ ಊಟ ತೃಪ್ತಿಕರವಾಗಿದೆ, ಕಾಯಿಲೆ ಕಂಡುಬಂದಿಲ್ಲ, ಆದ್ದರಿಂದ ದಂಪತಿಗೆ ಲಸಿಕೆಯ ಅಗತ್ಯವಿಲ್ಲ, ಈಗಾಗಲೇ ಹಾಕಿದ ಲಸಿಕೆಗಳನ್ನು ಹಿಂಪಡೆಯಲು ಅವಕಾಶವಿಲ್ಲ ಎಂದು ನಿರ್ಣಯವಾಯಿತು. ಅರ್ಜಿದಾರರಿಗೆ ನಷ್ಟವಾಗಬಾರದೆಂಬ ಕಾಳಜಿಯಿಂದ ಆನಂದಕುಮಾರ ಅವರು ಒಂದು ಬಾಟಲಿಯಲ್ಲಿ ಸಮುದ್ರವನ್ನೇ ತುಂಬಿಕೊಂಡು ಬಂದಿದ್ದರು. ಅದನ್ನು ಮಸ್ಕಿಯ ಅಂಗಡಿಯ ಮೇಜಿನ ಮೇಲೆ ಇಡಲಾಯಿತು. ಜನ ಸೇರಿದರು.

ಆದೆಮ್ಮ ಸೆರಗು ಹೊದ್ದು ಬಂದು ಬಾಟಲಿಯ ಮುಂದೆ ಕೂತಳು. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. ಬಾಟಲಿಯ ಆಚೆ ಬದಿಗೆ ಗದ್ದೆಪ್ಪ ನಿಂತಿದ್ದ.

“ಆಚಿ ದಂಡ್ಯಾಗ ನೀವು ಕಾಣಾಕತ್ತೀರಲ್ರೀ” ಅಂದಳು.

ಗದ್ದೆಪ್ಪ ಅಲ್ಲಿಂದ ಸರಿದು ನಿಂತ. ಅವನು ಸರಿದ ಜಾಗದಲ್ಲಿ ಗೊಬ್ಬರದ ಚೀಲಗಳು ಕಂಡವು.

“ಸಮುದ್ರ ನೋಡಿದಂಗ ಆತೇನ್ರೀ ಇದು?” ಎಂದು ಅವಳು ಸಾಹೇಬರನ್ನು ಕೇಳಿದಳು.

“ಆತ್ರಿ ಅಮ್ಮಾರ. ನಾವು ಬರಕೊಂಡೀವಿ” ಎಂದರು ಆನಂದಕುಮಾರ. ಜನ ಚಪ್ಪಾಳೆ ಹೊಡೆದರು. ಆದೆಮ್ಮ ಎದ್ದು ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕಿಟ್ಟಳು.

ಉಳಿದವರಿಗೂ ನೋಡುವ ಆಸೆಯಾಯಿತು. ಬಾಟಲಿಯಲ್ಲಿದ್ದರೂ ಅದು ವಿದೇಶದ ಸಮುದ್ರ. ಲಸಿಕೆಯಿಲ್ಲದೆ ನೋಡಿದರೆ ಏನಾದೀತೆಂದು ಖಚಿತವಿಲ್ಲದ್ದರಿಂದ, ಸೂಜಿ ಹಾಕಿಸಿಕೊಂಡವರೇ ನೋಡತಕ್ಕದ್ದೆಂದು ಆನಂದಕುಮಾರ ಅವರು ನಿಂತಲ್ಲೇ ನಿಯಮ ಮಾಡಿದರು. ಶಂಶಾದ್‌ಬೀ ಕಟ್ಟೆಯ ಮೇಲೆ ಸೂಜಿಗಳ ಪೆಟ್ಟಿಗೆ ಬಿಚ್ಚಿದಳು. ಬಸ್‌ಸ್ಟ್ಯಾಂಡಿನವರೆಗೂ ಸಾಲು ನಿಂತಿತು. ಸಾಲಿನ ಮುಂದಿದ್ದವನು ಬೀರಲಿಂಗ. ಅಂಗಿಯ ತೋಳು ಮೇಲೇರಿಸಿಕೊಂಡು, ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಗದ್ದೆಪ್ಪನ ಇನ್ನೂ ಬಾವು ಇಳಿಯದ ತೋಳನ್ನೂ ನೋಡಿದ.

“ಸಾವ್ಕಾರ್ರೆ, ಯಾವ ಸೂಜಿ ಹಾಕಿಸ್ಕೋಬೇಕ್ರಿ?”

ಗದ್ದೆಪ್ಪ ಒಳಗಿನ ಬಾಗಿಲ ಕಡೆ ನೋಡಿದ. ಒಳಗೆ ಆದೆಮ್ಮನ ಚಹಾದ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಅಂಗಡಿಯಲ್ಲಿ ಕೂತಾಗಿನ ದನಿಯಲ್ಲಿಯೇ ಹೇಳಿದ:

“ಯಾವುದು ಅಂತ ಕೇಳಬ್ಯಾಡ. ಎಲ್ಲಾ ಹಾಕಿಸ್ಕೋ.”

ಬೀರಲಿಂಗ ಗೊಣಗುತ್ತ ತೋಳು ಚಾಚಿದ.