ಉಂಡ ಮನೆಯಲ್ಲಿ ಮತ ಕೇಳದ ಕಾಕಾ

ನನ್ನ ಕಾಕಾ ನಿಜಾಮರ ಶಾಸನಸಭೆಗೆ ಅಭ್ಯರ್ಥಿಯಾಗಿ ನಿಂತು, ಉಮರ್ಗಾದಿಂದ ಉದಗೀರದವರೆಗೆ ಚಕ್ಕಡಿಯಲ್ಲಿ ಸುತ್ತಿ, ಒಬ್ಬರ ಬಳಿಯೂ ಮತ ಕೇಳಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಪಕ್ಕದಲ್ಲೇ ಕುಳಿತು ಹಲ್ಲು ಕಡಿಯುತ್ತಿದ್ದ ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಪುಣೆಯಲ್ಲಿ ಸುಧಾರಕರ ಶಾಲೆ ಕಲಿತು ಬಂದಿದ್ದ ನಾನು ಅನ್ಯಾಯಗಳ ದೊಡ್ಡ ಪಟ್ಟಿಯನ್ನೇ ಬರೆದಿಟ್ಟುಕೊಂಡಿದ್ದೆ. ಕೂಲಿ ಕೊಡದೆ ಹಿಡಿದು ದುಡಿಸುವ ಬೇಗಾರ, ಕನ್ನಡ ಮಕ್ಕಳಿಗೆ ಕನ್ನಡ ಶಾಲೆಯಿಲ್ಲ, ಕೇರಿಯವರಿಗೆ ಊರಬಾವಿಯಿಲ್ಲ, ಹೊಲದ ಪಟ್ಟಾ ಇದ್ದವರ ಹೊರತು ಹಳ್ಳಿಯಲ್ಲಿ ಯಾರಿಗೂ ಮತವಿಲ್ಲ. ಎದುರಾಳಿಯೋ, ಬೇಗಾರದ ಬೆವರಿನಲ್ಲೇ ಮಹಡಿ ಕಟ್ಟಿಸಿದ ಜಹಗೀರುದಾರ. ಕಾಕಾ ಸೋತರೆ ಬೇಗಾರದ ವಿರುದ್ಧ ಸಭೆಯಲ್ಲಿ ಬಾಯಿ ತೆರೆಯುವವರೇ ಇರಲಿಲ್ಲ.

ಆದರೆ ಕಾಕಾನಿಗೆ ಒಂದು ನೇಮವಿತ್ತು: ಉಂಡ ಮನೆಯಲ್ಲಿ ಏನನ್ನೂ ಬೇಡಬಾರದು. ಇನ್ನೊಂದೂ ಇತ್ತು: ಉಣ್ಣಿರೆಂದವರಿಗೆ ಒಲ್ಲೆ ಎನ್ನಬಾರದು. ಒಂದೊಂದೇ ಇದ್ದರೆ ಶರಣರ ಲಕ್ಷಣ. ಎರಡೂ ಕೂಡಿದರೆ ಅಭ್ಯರ್ಥಿಯ ಗತಿಯೇನು?

ಉಮರ್ಗಾದ ಮೊದಲ ಮನೆಯಲ್ಲೇ ರೊಟ್ಟಿ, ಝುಣಕ ಬಂದವು. ಕಾಕಾ ಉಂಡರು, ಎತ್ತಿನ ಗೊರಸು ನೋಡಿದರು, ಶರಣು ಹೇಳಿ ಎದ್ದೇಬಿಟ್ಟರು.

“ಕಾಕಾ, ಓಟು?” ಎಂದು ಪಿಸುಗುಟ್ಟಿದೆ.

“ನಾಕು ರೊಟ್ಟಿ ತಿಂದೀನೋ ತಮ್ಮಾ. ಇನ್ನ ಯಾವ ಮಾರೀಲೆ ಕೇಳಲಿ?”

ನಿಲಂಗಾದಲ್ಲಿ ನಾನು ಜಾಣನಾದೆ. ಏನನ್ನೂ ಬಡಿಸಬೇಡಿರೆಂದು ಮನೆಯ ಯಜಮಾನನಿಗೆ ಮುಂಚೆಯೇ ಹೇಳಿ ಕಳಿಸಿದ್ದೆ. ಕಟ್ಟೆಯ ಮೇಲೆ ಕುಳಿತೆವು. ಕಾಕಾ ಗಂಟಲು ಸರಿಮಾಡಿಕೊಂಡರು. ನನ್ನ ಎದೆ ಹಿಗ್ಗಿತು. ಅಷ್ಟರಲ್ಲಿ ಒಳಗಿನಿಂದ ಮುದುಕಿಯೊಬ್ಬಳು ಬಂದಳು.

“ಬಿಸಲಾಗ ಬಂದೀರಿ, ಬೆಲ್ಲರ ಬಾಯಾಗ ಹಾಕ್ಕೋರಿ.”

ಹಾಕಿಕೊಂಡರು! ಯಜಮಾನನೇ ಕನಿಕರಪಟ್ಟು, “ಏನ ಕೆಲಸಕ್ಕ ಬಂದಿದ್ರಿ ಅಣ್ಣಾರ?” ಎಂದು ಕೇಳಿದ.

“ನಿಮ್ಮ ಬೆಲ್ಲ ಭಾಳ ಛಲೋ ಅದ ಅಂತ ಕೇಳಿದ್ದೆ ನೋಡ್ರಿ,” ಎಂದರು ಕಾಕಾ.

ಉದಗೀರದ ದಾರಿಯಲ್ಲಿ ನಾನು ಕಾಕಾನಿಗೆ ಬೆನ್ನು ತಿರುಗಿಸಿ ಕುಳಿತಿದ್ದೆ. ಬೀಳುಹೊಲದಲ್ಲಿ ಕುರಿಹಟ್ಟಿಯೊಂದು ಕಂಡಿತು. ಕಾಕಾ ಇಳಿದರು. ಅಲ್ಲಿಯವರಿಗೆ ಪಟ್ಟಾ ಇಲ್ಲ, ಮತವಿಲ್ಲ. ಇಲ್ಲಿ ಹೊಟ್ಟೆತುಂಬ ಉಣ್ಣಲಿ ಎಂದುಕೊಂಡೆ. ಕಂಕುಳಲ್ಲಿ ಮರಿ ಅವಚಿಕೊಂಡಿದ್ದ ಹೆಣ್ಣುಮಗಳೊಬ್ಬಳು ಬಟ್ಟಲು ಹಾಲು ತಂದಳು. ಕಾಕಾ ಕೈ ಮುಗಿದು ಹೇಳಿದರು:

“ಈಗ ಒಲ್ಲೆವ್ವಾ.”

ಹುಟ್ಟಿದಾಗಿನಿಂದ ಮೊದಲ ಸಲ! ಜ್ವರ ಬಂದಿದೆಯೇ ಎಂದು ನಾನು ಅವರ ಮುಖ ನೋಡಿದೆ. ಆಕೆಯ ಮುಖ ಬಿಗಿಯಿತು.

“ಯಾಕ್ರಿ, ಕುರುಬರ ಮನಿ ಹಾಲು ನಡಿಯಲ್ಲೇನು?”

“ಕುಡಿತೀನಿ ತಾಯಿ. ಮೊದಲ ಒಂದು ಬೇಡ್ಕೋಬೇಕು. ಕುಡದ ಮ್ಯಾಲ ನನಗ ಬೇಡ್ಲಾಕ ಬರಲ್ಲ.”

“ನಮ್ಮಂಥವರಿಗಿ ಓಟಿಲ್ಲ, ಹೊಲ ಇಲ್ಲ. ಏನ ಬೇಡ್ತೀರಿ?”

“ನಿನ್ನ ಗಂಡ ಎಲ್ಲಿ ಹೋಗ್ಯಾನವ್ವಾ?”

“ಸಾಹೇಬರ ಡೇರೆ ಹೊರಲಾಕ ಹಿಡಕೊಂಡು ಹೋಗ್ಯಾರ. ಕುರಿ ಈಯೂ ದಿನಾ. ಎಂಟು ದಿನಾ ಆಯ್ತು, ಅಂವಾ ಬಂದಿಲ್ಲ.”

ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು.

“ಈ ಮಾತು ನಿನ್ನ ಹೆಸರಲೆ ಸಭಾದಾಗ ಹೇಳ್ಲಾಕ ಅಪ್ಪಣಿ ಕೊಡು. ನಿಮಗ ಕೇಳಲಾರದ ನಿಮ್ಮ ಪರ ನಿಂತೀನಿ ಅಂದ್ರ ಅದು ಸುಳ್ಳ ಆಗ್ತದ.”

ಆಕೆ ಕಂಕುಳಿನ ಮರಿಯನ್ನು ಕೆಳಗಿಳಿಸಿದಳು.

“ಹೇಳ್ರಿ. ನನ್ನ ಹೆಸರು ನಿಂಗವ್ವ. ಅಂಜಬ್ಯಾಡ್ರಿ, ಪೂರಾ ಹೇಳ್ರಿ. ಈಗರ ಕುಡೀರಿ, ಹಾಲು ಆರತದ.”

ಕಾಕಾ ಒಂದೇ ಉಸಿರಿಗೆ ಕುಡಿದರು. ನಾನು ನನ್ನ ಪಟ್ಟಿ ತೆಗೆದು ನೋಡಿದೆ. ಅಷ್ಟೊಂದು ಅನ್ಯಾಯಗಳಿದ್ದವು, ಒಬ್ಬರೇ ಒಬ್ಬರ ಹೆಸರೂ ಇರಲಿಲ್ಲ.

ಕಾಕಾ ಗೆದ್ದರು. ಮತ ಕೇಳದೆ ಹೋದವನಿಗೆ ಕೊಡದಿರುವುದು ಹೇಗೆ ಎಂದು ನಿಲಂಗಾದ ಯಜಮಾನ ಊರೆಲ್ಲ ಹೇಳಿಕೊಂಡು ತಿರುಗಿದನಂತೆ. ಹೈದರಾಬಾದಿನ ಸಭೆಯಲ್ಲಿ ಮೊದಲ ದಿನ ಅವರು ಎದ್ದು ನಿಂತಾಗ ನಾನು ಪ್ರೇಕ್ಷಕರ ಹಿಂದಿನ ಬೆಂಚಿನಲ್ಲಿದ್ದೆ. ಅಧ್ಯಕ್ಷರಿಗೆ ಸಲಾಮಿಲ್ಲ, ಪೀಠಿಕೆಯಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದು, ಕಾಕಾ ಮೊದಲು ಆಡಿದ್ದು ಒಂದೇ ಮಾತು:

“ನಿಂಗವ್ವ.”