ಕುಂಚಿಗೆಯ ಮೇಲೆ ಎಂಟು ಕಾಲಿನ ಆನೆ

ನಮ್ಮ ರೋಣದಲ್ಲಿ ನನ್ನ ಮಾತನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಇದನ್ನು ನಾನು ಬಹಳ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆ. ಮೊನ್ನೆಯವರೆಗೆ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ಪ್ರತಿ ವರ್ಷ ಎಂಟನೇ ಇಯತ್ತೆಗೆ ಬಂದ ಹುಡುಗರಲ್ಲಿ ಅತಿ ಜಾಣನನ್ನು ಆರಿಸಿ, ಬಾಜೂ ಸಾಲಿಗೆ ಹೋಗಿ ಚೌಕ ತೆಗೆಯುವ ಕೈವಾರ ಇಸಕೊಂಡು ಬಾ ಎಂದು ಕಳಿಸುತ್ತಿದ್ದೆ. ಕೈವಾರದಿಂದ ದುಂಡಗಿನದಷ್ಟೇ ಬರುತ್ತದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಮೂರು ಸಾಲಿ ಸುತ್ತಿ ಬಂದಿರುತ್ತಿದ್ದ. ಬದಲಿಯಾಗಿ ಬಂದ ಹೆಡ್ಮಾಸ್ತರರೊಬ್ಬರಿಗೆ, ಈ ಊರಲ್ಲಿ ಸಾಲಿ ಗಂಟೆಗೆ ಕುಂಕುಮ ಹಚ್ಚಿದ ಮೇಲೆಯೇ ಬಾರಿಸುವ ರೂಢಿಯಿದೆ ಎಂದು ಹೇಳಿದ್ದೆ. ಪಾಪ, ಒಂದು ವಾರ ಹಚ್ಚಿದರು.

ಇಂಥ ಘನ ಸಾಧನೆಯ ಮನುಷ್ಯ ಒಂದು ಲ್ಯಾಪ್‌ಟಾಪಿನ ಪರದೆಯ ಮುಂದೆ ಹೇಗೆ ಮಣ್ಣುಮುಕ್ಕಿದ ಎಂಬುದೇ ಈ ಕಥೆ.

ಮಗಳು ಭಾರತಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಹೆಣ್ಣು ಕೂಸಾಯಿತು. ಐದನೇ ವಾರಕ್ಕೆ ತೊಟ್ಟಿಲು ಹಾಕುವುದೆಂದು ಗೊತ್ತಾಯಿತು. ನರಗುಂದದಿಂದ ಬೀಗರು ಬರುವವರು. ಅವತ್ತು ಕೂಸಿಗೆ ತವರುಮನೆಯ ಕುಂಚಿಗೆ ಹಾಕಬೇಕು. ಕುಂಚಿಗೆಯೆಂದರೆ ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆ. ಕೂಸು ಹುಟ್ಟುವ ಮೊದಲು ಅದಕ್ಕೆ ಸೂಜಿ ಮುಟ್ಟಿಸಬಾರದೆಂಬುದು ನಮ್ಮ ಮನೆಯ ನಿಯಮ. ಹೀಗಾಗಿ ನನ್ನ ಹೆಂಡತಿ ನೀಲಮ್ಮನ ಕೈಯಲ್ಲಿ ಉಳಿದಿದ್ದು ಐದೇ ವಾರ.

ಆಕೆಗೆ ಬೇಕಾಗಿದ್ದುದು ಎಂಥದೋ ಒಂದು ಕುಂಚಿಗೆಯಲ್ಲ. ಭಾರತಿ ಕೂಸಿದ್ದಾಗ ಆಕೆಯ ತಾಯಿ ಹಾಕಿಕೊಟ್ಟಂಥದೇ ಬೇಕು. ಕಪ್ಪು ಬಟ್ಟೆಯ ಅಂಚಿಗೆ ಹನ್ನೊಂದು ಆನೆಗಳ ಕಸೂತಿ, ಒಂದೊಂದು ಆನೆಯ ಬೆನ್ನಿನ ಮೇಲೂ ಬೇರೆ ಬೇರೆ ಚಿತ್ರ. ಒಂದರ ಮೇಲೆ ತುಳಸಿಕಟ್ಟೆ, ಒಂದರ ಮೇಲೆ ಗೋಪುರ, ಒಂದರ ಮೇಲೆ ಚಿಕ್ಕೆ. ಅತ್ತೆಯವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಕೈಕೆಲಸವೆಂದು ಮನೆಯಲ್ಲಿ ಉಳಿದಿದ್ದು ಅದೊಂದೇ. ಟ್ರಂಕಿನಲ್ಲಿ ಇದ್ದಲ್ಲೇ ದಾರದ ಬಣ್ಣವೆಲ್ಲ ಹಾರಿ, ಕಪ್ಪಿನ ಮೇಲೆ ಕಪ್ಪಾಗಿತ್ತು. ಎಳೆ ಎಣಿಸಿ ಹಾಕುವ ಕೆಲಸವದು. ನೀಲಮ್ಮ ಅದನ್ನು ಬಿಸಿಲಿಗೆ ಹಿಡಿದು ಹಿಡಿದು ಸಾಕಾದಳು.

ಆಗ ನಾನು ರಂಗಪ್ರವೇಶ ಮಾಡಿದೆ.

ಅದೇ ತಿಂಗಳು ಗಜೇಂದ್ರಗಡದಿಂದ ಹೊಸ ಲ್ಯಾಪ್‌ಟಾಪ್ ತಂದಿದ್ದೆ. ಯಾಕೆ ತಂದೆ ಎಂದು ಕೇಳಬೇಡಿ, ಕಾರಣ ನನಗೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತು! ಕುಂಚಿಗೆಯ ಫೋಟೋ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ, ಬಣ್ಣ ತಿದ್ದಿ, ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟು ಕಾಣುವಂತೆ ಮಾಡಿಕೊಡುತ್ತೇನೆ ಎಂದೆ. ಮೊಬೈಲಿನಲ್ಲಿ ಫೋಟೋ ತೆಗೆದೆ, ಲ್ಯಾಪ್‌ಟಾಪಿಗೆ ಹಾಕಿದೆ, ಮೊಬೈಲಿನಿಂದ ಅಳಿಸಿಬಿಟ್ಟೆ. ಅಲ್ಲಿ ದಿನಾ ಬರುವ ಶುಭೋದಯದ ಚಿತ್ರಗಳಿಗೆ ಜಾಗ ಬೇಕಾಗಿತ್ತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಲಾವಿದನಿಗೆ ಸಮಾಧಾನವೆಂಬುದಿಲ್ಲ. ಬಟ್ಟೆ ಸ್ವಚ್ಛವಾದರೆ ಫೋಟೋ ಇನ್ನೂ ಚಲೋ ಬಂದೀತು ಎಂದು, ನೀಲಮ್ಮ ಕೂಸಿಗೆ ಎಣ್ಣೆ ಹಚ್ಚುತ್ತಿರುವಾಗ ಕುಂಚಿಗೆಯನ್ನು ಸೋಪಿನ ಪುಡಿಯ ನೀರಲ್ಲಿ ನೆನೆಹಾಕಿದೆ. ಅರ್ಧ ತಾಸಿನ ಮೇಲೆ ಬಕೆಟಿಗೆ ಕೈ ಹಾಕಿ ಎತ್ತಿದೆ. ಕುಂಚಿಗೆ ಬರಲಿಲ್ಲ. ಎಳೆಗಳು ಬಂದವು.

ನೀಲಮ್ಮ ಬಂದು ಬಕೆಟ್ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಫೋಟೋ ಐತಿಲ್ರಿ?" ಎಂದಳು.

"ಐತಿ."

"ಚಲೋ ಬಂದೈತಿ?"

"ನಿಮ್ಮವ್ವ ಹಾಕೂವಾಗ ಆಕಿಗೂ ಇಷ್ಟು ಚಲೋ ಕಂಡಿರಲಿಕ್ಕಿಲ್ಲ" ಎಂದೆ.

ಈ ವಾಕ್ಯವನ್ನು ನೀವು ನೆನಪಿಟ್ಟುಕೊಳ್ಳಬೇಕಾಗಿಲ್ಲ. ನೀಲಮ್ಮ ಇಟ್ಟುಕೊಂಡಿದ್ದಾಳೆ.

ಮೊದಲ ಎಂಟು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಪಡಸಾಲೆಯ ಮಂಚದ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಸೂಜಿ ಹಿಡಿದ ನೀಲಮ್ಮ. ಮನೆಗೆ ಬಂದವರಿಗೆಲ್ಲ ನಾನು ಪರದೆಯನ್ನು ನನ್ನ ಹೊಲದಂತೆ ತೋರಿಸುತ್ತಿದ್ದೆ. ನಾಲ್ಕು ಆನೆ ಮುಗಿದವು. ಒಂದು ಆನೆಗೆ ಎರಡು ದಿನ, ಪರದೆ ಬೆಳಗಿನಿಂದ ಸಂಜೆಯವರೆಗೆ ಹಚ್ಚಿಯೇ ಇರುತ್ತಿತ್ತು. ಐದನೆಯ ಆನೆ ತರಲೆಂದು ಚಿತ್ರವನ್ನು ಸರಿಸಿದೆ. ಹೊಸ ಆನೆ ಬಂತು. ಹಳೆಯದು ಹೋಗಲಿಲ್ಲ.

ಅಂದರೆ ಪೂರ್ತಿ ಇತ್ತು ಎಂದಲ್ಲ. ಒದ್ದೆ ಬಟ್ಟೆ ಎತ್ತಿಕೊಂಡ ಮೇಲೆ ಕಟ್ಟೆಯ ಮೇಲೆ ಗುರುತು ಉಳಿಯುತ್ತದಲ್ಲ, ಹಾಗೆ. ಹೊಸ ಆನೆಯ ಹಿಂದೆ, ನಾಲ್ಕು ಬೆರಳು ಸರಿದು, ಹಳೆ ಆನೆಯ ನೆರಳು. ಅದನ್ನು ಮುಚ್ಚಿ ಸುದ್ದಿ ಓದಲು ಹೋದರೆ ಮಂತ್ರಿಗಳ ಮೋರೆಯ ಹಿಂದೆಯೂ ಆನೆ ನಿಂತಿತ್ತು. ಅಕ್ಷರಗಳನ್ನು ಮೇಲೆ ಸರಿಸಿದರೆ ಹಸಿ ಶಾಯಿಯ ಮೇಲೆ ಅಂಗೈ ಎಳೆದಂತೆ ಎಲ್ಲವೂ ಮಸುಕು. ಪರದೆಯ ಮೇಲಿನ ಬಾಣಕ್ಕೂ ಬಾಲ ಬಂದಿತ್ತು.

ನೀಲಮ್ಮನಿಗೆ ಹೇಳದೆ, ಕರೆಂಟ್ ಬಿಲ್ಲಿನ ಕೆಲಸವಿದೆ ಎಂದು, ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಗಜೇಂದ್ರಗಡದ ಬಸ್ಸು ಹತ್ತಿದೆ. ಅಂಗಡಿಯ ವೀರೇಶ ನನ್ನ ಹಳೆಯ ವಿದ್ಯಾರ್ಥಿ. ಜಾಣ. ಎಷ್ಟು ಜಾಣನೆಂದರೆ ಆ ವರ್ಷ ಚೌಕದ ಕೈವಾರಕ್ಕೆ ಕಳಿಸಿದ್ದು ಅವನನ್ನೇ.

ನೆರಳು ಬೀಳುತ್ತದೆ ಎಂದೆ. ವೀರೇಶ ಹಚ್ಚಿ ನೋಡಿದ. ಮೂರು ತಾಸು ಆರಿ ತಣ್ಣಗಿದ್ದ ಪರದೆ, ಕೊಳಾಯಿ ನೀರಿನಷ್ಟು ಸ್ವಚ್ಛ! ಒಂದೇ ಆನೆ, ನಾಲ್ಕೇ ಕಾಲು. ನಾನು ಕಣ್ಣು ಉಜ್ಜಿಕೊಂಡೆ. ಅವನು ನನಗೆ ಚಹಾ ತರಿಸಿ, ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೈವಾರದ ಕಥೆಯನ್ನು ಮೊದಲಿಂದ ಕಡೆಯವರೆಗೆ ಹೇಳಿದ. ಒಂದು ತಾಸು ಹಚ್ಚಿಟ್ಟು ನೋಡಪ್ಪಾ ಎಂದು ನಾನು ಅಂಗಲಾಚಿದೆ.

"ಸರ, ನೆರಳ ಹಿಡಿಯೋ ಮಷೀನ್ ಬಾಜೂ ಅಂಗಡ್ಯಾಗ ಸಿಗತೈತಿ, ಇಸ್ಕೊಂಡ ಬರ್ರಿ. ನಾ ಇಲ್ಲೇ ಕುಂತಿರ್ತೀನಿ" ಎಂದ. ಗಿರಾಕಿಗಳು ಚಹಾ ಚೆಲ್ಲುವ ಹಾಗೆ ನಕ್ಕರು. ಕಡೆಗೆ ನಾನು ನಗದೇ ಇದ್ದುದನ್ನು ನೋಡಿ ಅವನಿಗೂ ಕನಿಕರ ಬಂತು. ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ಮೆಲ್ಲಗೆ ಹೇಳಿ ಬಸ್ಸಿನವರೆಗೆ ಬಿಟ್ಟು ಹೋದ.

ದಾರಿಯುದ್ದಕ್ಕೂ ನನಗೆ ಕಣ್ಣಿನದೇ ಚಿಂತೆ. ಡ್ರಾಯಿಂಗ್ ಮಾಸ್ತರನ ಕಣ್ಣು! ಮನೆಗೆ ಬಂದು, ಲ್ಯಾಪ್‌ಟಾಪ್ ಯಾಕೆ ಒಯ್ದಿದ್ದಿರಿ ಎಂದ ನೀಲಮ್ಮನಿಗೆ, ಎಲ್ಲಾ ಬರೋಬ್ಬರಿ ಐತಿ ಎಂದು ಹೇಳಿ, ಮಂಚದ ಮೇಲೆ ಲ್ಯಾಪ್‌ಟಾಪ್ ಹಚ್ಚಿಟ್ಟು ಹಿತ್ತಲಿಗೆ ಹೋಗಿ ಕೂತೆ. ಮರುದಿನ ಮಧ್ಯಾಹ್ನ ನೀಲಮ್ಮ ಕರೆದಳು.

"ರೀ, ಈ ಆನಿಗೆ ಎಂಟು ಕಾಲ ಅದಾವಲ್ರಿ? ಸೊಂಡಿಲೂ ಎರಡು."

ನನಗಾದ ಸಂತೋಷವನ್ನು ಹೇಗೆ ಹೇಳಲಿ! ಆಕೆಗೂ ಕಾಣುತ್ತಿದೆ! ನನ್ನ ಕಣ್ಣು ಸರಿ ಇವೆ! ಆ ಸಂತೋಷದಲ್ಲಿ ನಾನು ಹೇಳಬೇಕಾಗಿದ್ದುದು, ಈ ಪರದೆ ಕೆಟ್ಟಿದೆ, ನಾಲ್ಕು ಕಾಲು ಬಿಟ್ಟುಬಿಡು ಎಂದು. ಆದರೆ ನಿನ್ನೆ ತಾನೇ ಬರೋಬ್ಬರಿ ಐತಿ ಎಂದಿದ್ದೆ. ಊರಿಗೆಲ್ಲ ತೋರಿಸಿ ಮೆರೆದ ಪರದೆ. ಮೇಲಾಗಿ, ಅರವತ್ತೆಂಟು ವರ್ಷದಿಂದ ಸುಳ್ಳಿಗೆ ಒಗ್ಗಿದ ನಾಲಿಗೆ.

"ಮೊದಲಿನ ನಾಲ್ಕು ಆನಿ ನಿಂತಾವ" ಎಂದೆ. "ಇದು ನಡಿಯಾಕ ಹತ್ತೈತಿ. ಮುಂದಿನ ಹೆಜ್ಜಿ, ಹಿಂದಿನ ಹೆಜ್ಜಿ ಎರಡೂ ತೋರಿಸ್ಯಾಳ ನಿಮ್ಮವ್ವ. ಇದಕ್ಕ ಚಲನೆ ಅಂತಾರ, ಭಾಳ ದೊಡ್ಡ ಕಲಾ."

"ಚ್ಯಾಷ್ಟಿ ಮಾಡಬ್ಯಾಡ್ರಿ. ನನಗ ನೆಪ್ಪಿಲ್ಲ ಅಂತ."

"ಕೂಸಿನ ಆಣಿ" ಎಂದುಬಿಟ್ಟೆ.

ಇಡೀ ಊರು ನಂಬದ ನನ್ನನ್ನು, ಚಿತ್ರದ ವಿಷಯವೊಂದರಲ್ಲಿ ಮಾತ್ರ ನೀಲಮ್ಮ ನಂಬುತ್ತಿದ್ದಳು. ಆಕೆ ಪರದೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಒಂದು ಬೆಳಕು ಬಂತು. ಸಂಜೆ ಬಾಣಂತಿ ಭಾರತಿಗೆ ಅಜವಾನದ ಹೊಗೆ ಹಾಕುತ್ತ ಹೇಳುತ್ತಿದ್ದಳು, ನಿಮ್ಮಜ್ಜಿ ಒಂದಕ್ಷರ ಕಲಿತಾಕಿ ಅಲ್ಲ, ಆದರೂ ಅರಿವೆಯ ಮೇಲೆ ಆನೆ ನಡೆಸ್ಯಾಳ ನೋಡು ಎಂದು. ಬಾಜೂ ಮನೆಯವರಿಗೂ ಹೇಳಿದಳು. ನನ್ನ ಕಿವಿಗೂ ಬಿತ್ತು. ಚೌಕದ ಕೈವಾರ ಹುಡುಕುವವರು ನಗು ಬರಿಸುತ್ತಿದ್ದರು. ಇದು ನಗು ಬರಿಸಲಿಲ್ಲ. ಆದರೆ ಹೇಳಲು ಬಾಯಿ ಬರಲಿಲ್ಲ. ಆನೆಗಳು ನಡೆಯುತ್ತಲೇ ಹೋದವು. ಐದು, ಆರು, ಏಳು.

ತೊಟ್ಟಿಲಿನ ಹಿಂದಿನ ದಿನ ಹನ್ನೊಂದನೆಯದೂ ನಡೆದು ಮುಗಿಯಿತು. ಎಲ್ಲಿಯೂ ಗಂಟಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ. ಅಂಥ ಕೈ ಆಕೆಯದು. ಭಾರತಿ ನೋಡಿ ಖುಷಿಪಟ್ಟು, ಅಜ್ಜಿಯದೂ ಅವ್ವನದೂ ಎರಡೂ ಫೋಟೋ ಗಂಡನಿಗೆ ಕಳಿಸುತ್ತೇನೆಂದು, ನಾನು ಏನೋ ನೆಪ ಹುಡುಕುವಷ್ಟರಲ್ಲಿ, ಲ್ಯಾಪ್‌ಟಾಪಿನ ಫೋಟೋವನ್ನು ತನ್ನ ಮೊಬೈಲಿಗೆ ಹಾಕಿಕೊಂಡಳು. ನೋಡಿದಳು. ದೊಡ್ಡದು ಮಾಡಿ ನೋಡಿದಳು. ಮೊಬೈಲನ್ನು ಅವ್ವನ ಕೈಗೆ ಕೊಟ್ಟಳು.

ನೀಲಮ್ಮ ಬೆರಳಿಟ್ಟು ಒಂದೊಂದೇ ಆನೆಯ ಕಾಲು ಎಣಿಸಿದಳು. ಎಣಿಸುವಾಗ ತುಟಿ ಅಲ್ಲಾಡುತ್ತಿದ್ದವು. ಕಡೆಗೆ ನನ್ನ ಕಡೆ ನೋಡಿದಳು.

"ಹನ್ನೊಂದೂ ನಿಂತಾವಲ್ರಿ" ಎಂದಳು.

ಪರದೆಯ ವಿಷಯ, ಗಜೇಂದ್ರಗಡದ ವಿಷಯ, ಆಣೆಯ ವಿಷಯ, ಎಲ್ಲ ಹೇಳಿದೆ. ಆಕೆ ಕೇಳಿ ಎದ್ದು ಅಡುಗೆಮನೆಗೆ ಹೋದಳು. ಏಳು ಆನೆ ಬಿಚ್ಚಿ ಮತ್ತೆ ಹಾಕಲು ಒಂದು ದಿನದಲ್ಲಿ ಆಗುವುದಿಲ್ಲ, ಬೇರೆ ಕುಂಚಿಗೆಯೂ ಇರಲಿಲ್ಲ.

ಮರುದಿನ ಕೂಸಿಗೆ ಅದನ್ನೇ ಹಾಕಿ ತೊಟ್ಟಿಲಿಗೆ ಹಾಕಿದರು. ನರಗುಂದದ ಬೀಗಿತಿಯವರು ಕಸೂತಿಯಲ್ಲಿ ಎತ್ತಿದ ಕೈ. ಹಾಡು ಮುಗಿದದ್ದೇ ತಡ, ಕೂಸನ್ನು ಎತ್ತಿಕೊಂಡು, ಕುಂಚಿಗೆಯ ಅಂಚು ಹಿಡಿದು ನೋಡಿ, ಇದೇನ್ರೀ ಆನೆಗೆ ಎಂಟು ಕಾಲು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ನೀಲಮ್ಮ ಗುಗ್ಗರಿಯ ತಾಟು ಹಿಡಿದು ನಿಂತವಳು ತಲೆ ತಗ್ಗಿಸಿದಳು.

ಆಗ ನಾನು ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಅಷ್ಟು ಜನರ ನಡುವೆ ಎದ್ದು ನಿಂತು ಖರೇ ಹೇಳಿದೆ. ತಪ್ಪು ನನ್ನದು, ಲ್ಯಾಪ್‌ಟಾಪಿನ ಪರದೆಯಲ್ಲಿ ಹಿಂದಿನ ಆನೆಯ ನೆರಳು ಉಳಿದಿತ್ತು, ಅದನ್ನು ಮುಚ್ಚಿಡಲು ಆನೆ ನಡೆಯುತ್ತಿದೆ ಎಂದು ನಾನೇ ಸುಳ್ಳು ಹೇಳಿದೆ ಎಂದೆ.

ಎಲ್ಲರೂ ಮಂಗಳಾರತಿಯ ಗಂಟೆಗಿಂತ ಜೋರಾಗಿ ನಕ್ಕರು. ಮಾಸ್ತರದು ಇನ್ನೂ ಕಡಿಮೆ ಆಗಿಲ್ಲ ಎಂದು ಯಾರೋ ಅಂದರು. ಬೀಗಿತಿಯವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬೀಗ್ರ, ಹೇಣ್ತಿ ತಪ್ಪ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಎಂಥಾ ಕಥಿ ಕಟ್ಟೀರಿ" ಎಂದರು. ಆಮೇಲೆ ನೀಲಮ್ಮನ ಭುಜ ಮುಟ್ಟಿ, ಅಕ್ಕರೆಯಿಂದಲೇ, "ಇರ್ಲಿ ಬಿಡ್ರಿ ಅಕ್ಕಾರ, ಒಂದು ವಯಸ್ಸಾದ ಮ್ಯಾಲೆ ಕಣ್ಣು ಹಂಗ. ಮುಂದಿನ ಕೂಸಿಗೆ ನಾನ ಹಾಕ್ತೀನಿ" ಎಂದರು.

ರೋಣದ ಅರ್ಧ ಮನೆಗಳ ಕುಂಚಿಗೆಯ ಮೇಲೆ ನೀಲಮ್ಮನ ಸೂಜಿ ಓಡಾಡಿದೆ. ಆಕೆ ಎಲ್ಲರಿಗೂ ಗುಗ್ಗರಿ ಹಂಚಿದಳು. ನನ್ನ ಬೊಗಸೆಗೂ ಹಾಕಿದಳು.

ಬೀಗರು ಹೋದ ಮೇಲೆ ಹೇಳಿದಳು. "ನನ್ನ ಕಣ್ಣು ಹೋಗ್ಯಾವ ಅಂದ್ರ ಅನ್ನಲಿ. ನಮ್ಮವ್ವನ್ನ ಮುಂದಿಟ್ಟು ಚ್ಯಾಷ್ಟಿ ಮಾಡಬಾರದಾಗಿತ್ತು ನೀವು." ಅಷ್ಟೇ. ಆಮೇಲೆ ಕುಂಚಿಗೆಯನ್ನೂ ಒಂದು ಸೂಜಿಯನ್ನೂ ತಂದು ನನ್ನ ಮುಂದಿಟ್ಟಳು.

ಐದನೇ ತಿಂಗಳಿಗೆ ಮಗಳು ಕೂಸಿನೊಂದಿಗೆ ನರಗುಂದಕ್ಕೆ ಹೋಗುತ್ತಾಳೆ. ಅಷ್ಟರಲ್ಲಿ ಏಳು ಆನೆಗಳು ನಿಲ್ಲಬೇಕು. ಬಿಚ್ಚುವುದು ನನ್ನ ಕೆಲಸ, ಮತ್ತೆ ಹಾಕುವುದು ಆಕೆಯದು. ಹೋದ ದಾರಿಯಲ್ಲೇ ತಿರುಗಿ ಬರುವ ಹೊಲಿಗೆ ಅದು, ನಡುವೆ ಎಲ್ಲಿಯೋ ಹಿಡಿದು ಜಗ್ಗಿದರೆ ಬಟ್ಟೆಯೇ ಹರಿಯುತ್ತದೆ. ಪಡಸಾಲೆಯಲ್ಲಿ ಕನ್ನಡಕ ಮೂಗಿನ ತುದಿಗಿಟ್ಟು ಕೂತು ಎಳೆ ಎಳೆಯಾಗಿ ಬಿಚ್ಚುತ್ತೇನೆ. ದಾರಿಯಲ್ಲಿ ಹೋಗುವವರು ಏನು ಮಾಸ್ತರ ಎಂದು ಕೇಳುತ್ತಾರೆ. ಆನೆಯ ಕಾಲು ತೆಗೆಯುತ್ತಿದ್ದೇನೆ ಎಂದು ಖರೇ ಹೇಳುತ್ತೇನೆ. ನಕ್ಕು ಮುಂದೆ ಹೋಗುತ್ತಾರೆ. ಇದನ್ನು ಬರೆಯುತ್ತಿರುವುದೂ ಅದೇ ಲ್ಯಾಪ್‌ಟಾಪಿನಲ್ಲಿ. ಹಗಲೆಲ್ಲ ಫೋಟೋ ಹಚ್ಚಿಟ್ಟಿದ್ದಕ್ಕೆ ಈ ಅಕ್ಷರಗಳ ಹಿಂದೆ, ಮಸುಕಾಗಿ, ಆನೆ ನಿಂತುಕೊಂಡು ನನ್ನನ್ನೇ ನೋಡುತ್ತಿದೆ.

ಹತ್ತು ಆನೆ ಸರಿಯಾದವು. ಹನ್ನೊಂದನೆಯದು ಕೂಸಿನ ಕತ್ತಿನ ಹಿಂದೆ ಮಡಿಕೆಯಲ್ಲಿ ಬರುತ್ತದೆ, ಯಾರಿಗೂ ಕಾಣುವುದಿಲ್ಲ. ಅದನ್ನು ನೀವೇ ಹಾಕಿ ಎಂದು ನೀಲಮ್ಮ ನಿನ್ನೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಕ್ಷಮೆ ಸಿಕ್ಕಿತೆಂದೇ ತಿಳಿದು, ಮಗಳ ಮೊಬೈಲ್ ಎದುರಿಗಿಟ್ಟುಕೊಂಡು, ಎಳೆ ಎಣಿಸಿ ಎಣಿಸಿ ಇವತ್ತು ಸಂಜೆಗೆ ಮುಗಿಸಿದೆ. ತಿರುಗಿಸಿ ನೋಡಿದೆ. ಹಿಂದುಗಡೆ ಹನ್ನೆರಡು ಗಂಟು. ಮುಂದುಗಡೆ ಕಾಲು ಮೂರು.

ನೀಲಮ್ಮ ಬಂದು ನೋಡುತ್ತ ನಿಂತಳು. ಈ ಆನೆ ಒಂದು ಕಾಲು ಎತ್ತಿ ಆಶೀರ್ವಾದ ಮಾಡುತ್ತಿದೆ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಎಷ್ಟು ಚಂದದ ಮಾತು! ನುಂಗಿಕೊಂಡೆ.

"ಮೂರ ಕಾಲಾಗ್ಯಾವ" ಎಂದೆ.

"ಬಿಚ್ಚರಿ" ಎಂದಳು.

ಬಿಚ್ಚುತ್ತಿದ್ದೇನೆ.